ತಮ್ಮನ ಚೀಲದಲ್ಲಿ ಬೆಂಕಿಪೆಟ್ಟಿಗೆ

ಮಂಗಳೂರು, ಹೊರಡುವ ದಿನ

ವಿಮಾನ ನಿಲ್ದಾಣದಲ್ಲಿ ನನ್ನ ಹೆಸರು ಕರೆದಾಗ ಮೊದಲು ಖುಷಿಯೇ ಆಯಿತು. ಕಾರ್ಕಳದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ಎಲ್ಲಿ ಹೋದರೂ ಹಳೇ ವಿದ್ಯಾರ್ಥಿ ಒಬ್ಬ ಸಿಕ್ಕಿಯೇ ಸಿಗುತ್ತಾನೆ. ಹಾಗೆ ಯಾರೋ ಇರಬೇಕೆಂದು ಸೆರಗು ಸರಿ ಮಾಡಿಕೊಂಡು ಹೋದರೆ, ನನ್ನ ಸೂಟ್‌ಕೇಸು ಮೇಜಿನ ಮೇಲೆ ಬಾಯಿ ತೆರೆದು ಬಿದ್ದುಕೊಂಡಿತ್ತು. ಅಲ್ಲಿದ್ದ ಅಧಿಕಾರಿ ನನ್ನ ಮಿಡಿ ಉಪ್ಪಿನಕಾಯಿ, ಹಪ್ಪಳಗಳನ್ನೆಲ್ಲ ಬದಿಗಿಟ್ಟು ಒಂದು ಕೆಂಪು ಬಟ್ಟೆಯ ಗಂಟನ್ನು ಎತ್ತಿ ಹಿಡಿದರು.

"ಇದರಲ್ಲಿ ಬೆಂಕಿಪೆಟ್ಟಿಗೆ ಉಂಟಲ್ಲ ಮೇಡಂ?"

"ಉಂಟು. ಅದು ದೇವರದ್ದು."

"ದೇವರದ್ದಾದರೂ ಹೊತ್ತಿಕೊಳ್ಳುತ್ತದೆ ಅಲ್ವಾ?"

ಮಾತಿಗೆ ಮಾತು ಕೊಡುವುದರಲ್ಲಿ ನಾನೇನೂ ಹಿಂದಲ್ಲ, ಆದರೆ ಆ ಮನುಷ್ಯ ಹೇಳಿದ್ದು ಸರಿಯಿತ್ತು. ಬೆಂಕಿಪೆಟ್ಟಿಗೆ, ಕರ್ಪೂರ ಎರಡನ್ನೂ ತೆಗೆದಿಟ್ಟುಕೊಂಡು, ಕುಂಕುಮವನ್ನು ಅದೇ ಬಟ್ಟೆಯಲ್ಲಿ ಕಟ್ಟಿ ವಾಪಸು ಕೊಟ್ಟರು.

ಆ ಗಂಟಿನ ವಿಷಯ ಹೇಳಲೇಬೇಕು. ನನ್ನ ತವರು ಕಾಪು. ಅಪ್ಪನಿಗೆ ಒಂದು ದೋಣಿ ಇತ್ತು. ಅಪ್ಪ ಕಡಲಿಗೆ ಇಳಿಯುವಾಗಲೆಲ್ಲ ಅಮ್ಮ ಕೆಂಪು ಬಟ್ಟೆಯ ತುಂಡಿನಲ್ಲಿ ಮಾರಿಗುಡಿಯ ಕುಂಕುಮ, ನಾಲ್ಕು ಬಿಲ್ಲೆ ಕರ್ಪೂರ, ಒಂದು ಬೆಂಕಿಪೆಟ್ಟಿಗೆ ಇಟ್ಟು ಗಂಟು ಕಟ್ಟಿ ಕೊಡುತ್ತಿದ್ದಳು. ದೋಣಿಯ ಲಾಟೀನು ಆರಿದರೆ ಹೊತ್ತಿಸಲು ಬೆಂಕಿ ಬೇಕಲ್ಲ. ಮನೆಯ ಬೆಂಕಿ ಜೊತೆಯಲ್ಲಿದ್ದರೆ ಮನುಷ್ಯ ಮನೆಗೆ ತಿರುಗಿ ಬರುತ್ತಾನೆ ಎಂಬುದು ಅಮ್ಮನ ನಂಬಿಕೆ. ಅಪ್ಪ ಪ್ರತಿ ಸಲವೂ ತಿರುಗಿ ಬಂದರು. ಅಮ್ಮ ಹೋದ ಮೇಲೆ ಗಂಟು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಈಗ ಕಡಲಿಗೆ ಹೋಗುವವನು ನನ್ನ ತಮ್ಮ ದಯಾನಂದ. ಮೀನಿಗಲ್ಲ. ಅಬುಧಾಬಿಯಿಂದ ಆಚೆ, ನಡುಸಮುದ್ರದಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತ ಗ್ಯಾಸಿನ ಪ್ಲಾಟ್‌ಫಾರ್ಮ್ ಒಂದರಲ್ಲಿ ಕ್ರೇನ್ ನಡೆಸುತ್ತಾನೆ. ಇಪ್ಪತ್ತೆಂಟು ದಿನ ಅಲ್ಲಿ, ಇಪ್ಪತ್ತೆಂಟು ದಿನ ರಜೆ. ಹದಿನಾರು ವರ್ಷವಾಯಿತು.

ನಾನು ಹೊರಟದ್ದು ಊರು ನೋಡಲಿಕ್ಕೆ ಎಂದು ಎಲ್ಲರಿಗೂ ಹೇಳಿದ್ದೆ. ನಿಜ ಸಂಗತಿ ಬೇರೆ. ದಯಾನ ಕಾಂಟ್ರಾಕ್ಟ್ ಮುಗಿಯುತ್ತಾ ಬಂದಿತ್ತು. ತರಬೇತಿ, ವೈದ್ಯಕೀಯ ಪರೀಕ್ಷೆ ಎಂದು ಈ ರಜೆಯಲ್ಲಿ ಅವನು ಊರಿಗೂ ಬರಲಿಲ್ಲ. ಅವನ ಹೆಂಡತಿ ಶೋಭಾ ಕಾರ್ಕಳದ ನನ್ನ ಮನೆಗೇ ಬಂದು ಕೂತಳು.

"ಅವರ ಎಡಗಿವಿ ಕೇಳುವುದಿಲ್ಲ ಅಕ್ಕ. ನನಗೆ ಹೇಳಿಲ್ಲ, ಆದರೆ ಗೊತ್ತಾಗುತ್ತದೆ. ಪ್ರತಿ ಸಲ ಇನ್ನೊಂದೇ ಕಾಂಟ್ರಾಕ್ಟ್, ಇನ್ನೊಂದೇ ಕಾಂಟ್ರಾಕ್ಟ್ ಅಂತಾರೆ. ನೀವು ಹೇಳಿದರೆ ಕೇಳುತ್ತಾರೆ. ಈ ಸಲ ಸಹಿ ಹಾಕಲಿಕ್ಕೆ ಬಿಡಬೇಡಿ."

ನಾನು ಹೂಂ ಎಂದೆ. ಬಿಡಿಸುವುದರಲ್ಲಿ ನನಗೆ ಹೆಸರುಂಟು. ನಂದಿಕೂರಿಗೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬರುವ ಕಾಲದಲ್ಲಿ ಊರೂರು ತಿರುಗಿ, ಮೈಕ್ ಹಿಡಿದು, ಬೇಡವೆಂದರೆ ಬೇಡ ಎಂದು ಕೂಗಿದವಳು. ಸ್ಥಾವರ ಬಂತು, ಅದು ಬೇರೆ ಮಾತು.

ಅಬುಧಾಬಿ, ಮೊದಲ ಬೆಳಿಗ್ಗೆ

ದಯಾ ಇರುವ ಕಂಪನಿಯ ಕೋಣೆಗೆ ಹೆಂಗಸರನ್ನು ಬಿಡುವುದಿಲ್ಲ. ಹಾಗಾಗಿ ನಾನು ಉಳಿದದ್ದು ಜ್ಯೋತಿಯ ಮನೆಯಲ್ಲಿ. ಜ್ಯೋತಿ ಕಾರ್ಕಳದ ಹುಡುಗಿ, ನನ್ನ ಶಿಷ್ಯೆ, ಈಗ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಎರಡು ಮಕ್ಕಳ ತಾಯಿಯಾದರೂ ನನ್ನನ್ನು ಕಂಡರೆ ಇನ್ನೂ ಕೈ ಹಿಂದೆ ಕಟ್ಟಿ ನಿಲ್ಲುತ್ತಾಳೆ.

ಮೊದಲ ಬೆಳಿಗ್ಗೆಯೇ ಎಡವಟ್ಟು. ತಣ್ಣೀರಿನ ಸ್ನಾನ ಮಾಡುವವಳು ನಾನು, ನೀಲಿ ಗುರುತಿನ ನಲ್ಲಿ ತಿರುಗಿಸಿದೆ. ಅಯ್ಯಯ್ಯೋ, ಬೆನ್ನು ಸುಟ್ಟುಹೋಯಿತು! ನನ್ನ ಕಿರುಚಾಟಕ್ಕೆ ಜ್ಯೋತಿ ಬಾಗಿಲ ಹೊರಗೆ ಓಡಿಬಂದಳು.

"ಟೀಚರ್, ಕೆಂಪು ನಲ್ಲಿ ತಿರುಗಿಸಿ! ಈಗ ಸೆಕೆಗಾಲ ಅಲ್ವಾ, ನೀಲಿಯಲ್ಲಿ ಬಿಸಿನೀರು ಬರುವುದು!"

ಟೆರೇಸಿನ ಟ್ಯಾಂಕಿಯಲ್ಲಿ ನೀರು ಬಿಸಿಲಿಗೆ ಕಾದು ಕುದಿಯುತ್ತದಂತೆ. ಹಾಗಾಗಿ ಬೇಸಗೆಯಲ್ಲಿ ಇಲ್ಲಿಯವರು ಗೀಸರಿನ ಸ್ವಿಚ್ಚು ಆರಿಸಿಟ್ಟು, ಮನೆಯೊಳಗಿನ ತಂಪಿನಲ್ಲಿ ಕೂತ ಗೀಸರಿನ ನೀರನ್ನೇ ತಣ್ಣೀರು ಎಂದು ಮೀಯುತ್ತಾರೆ. ವಿಜ್ಞಾನ ಕಲಿಸಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನನಗೇ ನಗು ಬಂತು.

ತಿಂಡಿಯ ಹೊತ್ತಿಗೆ ಕೇಳಿದೆ. "ಈ ನೀರು ಎಲ್ಲಿಂದ ಬರುವುದು ಮಾರಾಯ್ತಿ? ಹೊಳೆ ಉಂಟಾ ಇಲ್ಲಿ?"

"ಹೊಳೆಯೆಲ್ಲಿ ಟೀಚರ್! ಸಮುದ್ರದ್ದೇ ನೀರು. ಉಪ್ಪು ತೆಗೆದು ಕೊಡುವುದು. ಅದಕ್ಕೆ ಹೆಚ್ಚಾಗಿ ಗ್ಯಾಸೇ ಉರಿಯಬೇಕು."

ಕೈಯಲ್ಲಿದ್ದ ಲೋಟವನ್ನು ನೋಡಿದೆ. ನಮ್ಮಲ್ಲಿ ಬಾವಿಗೆ ಕೊಡಪಾನ ಇಳಿಸಿದರೆ ನೀರು. ಏಪ್ರಿಲಿನಲ್ಲಿ ಬಾವಿ ತಳ ಕಂಡರೆ ಮಳೆ ಬರುವವರೆಗೆ ದೇವರಿಗೆ ಬೈದುಕೊಂಡು ದಿನ ದೂಡುತ್ತೇವೆ. ಇಲ್ಲಿ ಬೈಯಲಿಕ್ಕೆ ದೇವರೂ ಇಲ್ಲ, ಮಳೆಯೂ ಇಲ್ಲ. ಯಾರೋ ನಡುಕಡಲಲ್ಲಿ ಗ್ಯಾಸು ತೆಗೆಯಬೇಕು, ಆಗ ಇಲ್ಲಿ ಮಗು ನೀರು ಕುಡಿಯುತ್ತದೆ. ಆ ಯಾರೋ ಎಂಬವನಿಗೆ ನಾನೇ ತೊಟ್ಟಿಲು ತೂಗಿದ್ದೆ.

ಹತ್ತು ಗಂಟೆಗೆ ದಯಾ ಬಂದ. ಐವತ್ನಾಲ್ಕು ವರ್ಷಕ್ಕೆ ತಲೆ ಪೂರಾ ಬೆಳ್ಳಗಾಗಿದೆ. ನನ್ನ ಬಲಗಡೆಯ ಕುರ್ಚಿ ಖಾಲಿ ಇದ್ದರೂ ಸುತ್ತಿ ಬಂದು ಎಡಗಡೆ ಕೂತ. ಕೇಳುವ ಕಿವಿಯನ್ನು ನನ್ನ ಕಡೆಗೆ ಮಾಡಿಕೊಂಡದ್ದು. ಶೋಭಾ ಸರಿಯಾಗಿಯೇ ಹೇಳಿದ್ದಳು.

ಮೀನು ಮಾರ್ಕೆಟ್

ಕಾಪುವಿನವರನ್ನು ಯಾವ ದೇಶಕ್ಕೆ ಬಿಟ್ಟರೂ ಮೊದಲು ಮೀನು ಮಾರ್ಕೆಟಿಗೆ ದಾರಿ ಕೇಳುತ್ತಾರೆ. ಇಲ್ಲಿನ ಮಾರ್ಕೆಟ್ ಆಸ್ಪತ್ರೆಯಷ್ಟು ಚೊಕ್ಕಟ. ಒಬ್ಬನ ಹತ್ತಿರ ಮೀನು ಆರಿಸಬೇಕು, ಇನ್ನೊಬ್ಬ ಕೊಯ್ದು ಕೊಡುತ್ತಾನೆ, ಮತ್ತೊಬ್ಬ ಮಸಾಲೆ ಹಚ್ಚಿ ಕಾಯಿಸಿ ಕೊಡುತ್ತಾನೆ. ನನಗೆ ಆಶ್ಚರ್ಯವಾದದ್ದು ಬೇರೆಯದಕ್ಕೆ. ಮಾರುವವರೆಲ್ಲ ಗಂಡಸರು. ಬುಟ್ಟಿಯ ಮುಂದೆ ಕೂತು, ಎಲೆ ಅಡಿಕೆ ಜಗಿಯುತ್ತಾ, ಬೇಡದಿದ್ದರೆ ಹೋಗು ಎಂದು ಗದರುವ ನಮ್ಮ ಹೆಂಗಸರು ಇಲ್ಲದ ಮೀನು ಮಾರ್ಕೆಟ್ ಒಂದು ಮಾರ್ಕೆಟ್ಟೇ! ನಾನು ಒಂದು ಅಂಜಲ್ ಮೀನಿನ ಕಿವಿರು ಎತ್ತಿ ನೋಡಿದೆ, ಮೂಸಿದೆ, ಇದು ನಿನ್ನೆಯದು ಎಂದು ತುಳುವಿನಲ್ಲಿ ಹೇಳಿದೆ. ಮಾರುವವನು ಕಾಸರಗೋಡಿನವ. ನಗುತ್ತಾ ಒಳಗಿನಿಂದ ಬೇರೆ ಮೀನು ತಂದ.

ಹಿಂದಿನ ಧಕ್ಕೆಯಲ್ಲಿ ಮರದ ದೋಣಿಗಳು ನಿಂತಿದ್ದವು. ಒಬ್ಬ ಮುದುಕರು, ಆ ಊರಿನವರೇ, ಬಿಳಿ ನಿಲುವಂಗಿ ಮೊಣಕಾಲಿಗೆ ಎತ್ತಿ ಕಟ್ಟಿ ಬಲೆ ಸರಿ ಮಾಡುತ್ತಿದ್ದರು. ಬೆರಳಿಗೆ ದಾರ ಸುತ್ತುವ ರೀತಿ ನೋಡಿ ನಾನು ನಿಂತೇಬಿಟ್ಟೆ. ಅಪ್ಪನೂ ಹಾಗೆಯೇ ಸುತ್ತುತ್ತಿದ್ದರು. ದಯಾ ಅವನ ಒಡಕು ಅರಬ್ಬಿಯಲ್ಲಿ ಮಾತಾಡಿಸಿದ. ಅವರ ತಂದೆ ಹಾಯಿಯ ದೋಣಿಯಲ್ಲಿ ಹೋಗಿ ಮುತ್ತು ಹೆಕ್ಕಲು ಕಡಲಲ್ಲಿ ಮುಳುಗುತ್ತಿದ್ದವರಂತೆ.

"ಹಾಯಿ ಈಗ ಎಲ್ಲಿ ಉಂಟು ಅಂತ ಕೇಳು" ಎಂದೆ.

ಮುದುಕರು ಬಾಯಿ ತುಂಬಾ ನಕ್ಕು ಏನೋ ಹೇಳಿದರು. ದಯಾ ಅನುವಾದಿಸಿದ. "ಇಂಜಿನು ಬಂದ ವರ್ಷವೇ ಅದನ್ನು ಹರಿದು ಆಡುಗಳಿಗೆ ನೆರಳು ಮಾಡಿದರಂತೆ."

"ಪುನಃ ಹಾಯಿ ಕಟ್ಟಿಕೊಂಡು ಹೋಗುತ್ತಾರಾ ಕೇಳು."

"ಅದನ್ನು ಕೇಳಬೇಕಾ ಅಕ್ಕ? ಅಪ್ಪ ಹುಟ್ಟು ಹಾಕುತ್ತಿದ್ದ ಕಾಲದಲ್ಲಿ ರಟ್ಟೆಗೆ ಎಣ್ಣೆ ತಿಕ್ಕಿದ್ದು ನೀನೇ ಅಲ್ವಾ? ಸೀಮೆಎಣ್ಣೆ ಇಂಜಿನು ಬಂದ ದಿನ ಕೇರಿಗೆಲ್ಲ ಪಾಯಸ ಹಂಚಿದ್ದೂ ನೀನೇ."

ಹೌದು, ಹಂಚಿದ್ದೆ. ಕಡಲೆಬೇಳೆ ಪಾಯಸ. ಸೋಲು ಒಪ್ಪುವ ಜಾತಿ ನನ್ನದಲ್ಲ. "ಅದು ಆ ಕಾಲ. ಈಗ ಕಡಲು ಬಿಸಿಯಾಗುತ್ತಿದೆ, ಬೂತಾಯಿ ಮೀನು ಸಿಗುವ ಹೊತ್ತಿಗೆ ಸಿಗುವುದಿಲ್ಲ, ಕಾಪುವಿನ ದಂಡೆ ವರ್ಷ ವರ್ಷ ಒಳಗೆ ಬರುತ್ತಿದೆ. ಇದೆಲ್ಲ ಎಣ್ಣೆ, ಗ್ಯಾಸು ಉರಿಸಿ ಉರಿಸಿಯೇ ಆದದ್ದು. ಬಿಟ್ಟರಾಯಿತಪ್ಪ, ಅದರಲ್ಲಿ ಎಂತ ಉಂಟು?" ಎಂದೆ.

"ಬಿಡಬೇಕು ಅಂತ ನಮಗೆ ಗೊತ್ತಿಲ್ಲವಾ? ನಮ್ಮ ಮೆಸ್ಸಿನಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಇಲ್ಲಿಯವರೂ ಮರಳುಗಾಡು ತುಂಬಾ ಸೋಲಾರ್ ಹಾಕಿದ್ದಾರೆ, ಅಣುಸ್ಥಾವರ ಕಟ್ಟಿದ್ದಾರೆ. ಆದರೆ ಇವತ್ತು ನಾವು ವಾಲ್ವ್ ಮುಚ್ಚಿದರೆ ನಾಳೆ ಜ್ಯೋತಿಯ ಮಕ್ಕಳಿಗೆ ನೀರು ಎಲ್ಲಿಂದ? ಅವಳ ಆಸ್ಪತ್ರೆಯ ಸಲೈನ್ ಬಾಟಲಿ, ಟ್ಯೂಬು, ಕೈಗವಸು, ಎಲ್ಲ ಈ ಎಣ್ಣೆ, ಗ್ಯಾಸಿನಿಂದಲೇ ಆಗುವುದು. ಈ ಮುದುಕರ ನೈಲಾನ್ ಬಲೆಯೂ. ಕಾಪುವಿನಲ್ಲಿ ಶೋಭಾ ಚಾ ಕುದಿಸುವ ಸಿಲಿಂಡರಿನ ಗ್ಯಾಸೂ ಈ ಕಡೆಯಿಂದಲೇ ಹಡಗಿನಲ್ಲಿ ಮಂಗಳೂರಿಗೆ ಬರುವುದು." ಆಮೇಲೆ ತುಟಿಯಂಚಿನಲ್ಲಿ ನಗುತ್ತಾ ಸೇರಿಸಿದ. "ನಂದಿಕೂರಿನಲ್ಲಿ ನಿನ್ನ ಭಾಷಣದ ಮೈಕಿಗೆ ಕರೆಂಟ್ ಎಲ್ಲಿಂದ ಬಂತು, ನೆನಪುಂಟಾ?"

ನೆನಪುಂಟು. ವೇದಿಕೆಯ ಹಿಂದೆ ಡೀಸೆಲ್ ಜನರೇಟರ್ ಗುಡುಗುಡು ಅನ್ನುತ್ತಿತ್ತು. ಅದರ ಸದ್ದಿಗೆ ಕೇಳದು ಎಂದು ನಾನು ಇನ್ನೂ ಗಟ್ಟಿಯಾಗಿ ಕೂಗುತ್ತಿದ್ದೆ.

ಕಡಲ ದಂಡೆಯಲ್ಲಿ ಒಂದು ಸಂಜೆ

ಇಲ್ಲಿಯವರು ಕಡಲ ದಂಡೆಗೆ ಬರುವುದು ಮನೆಯನ್ನೇ ಹೊತ್ತುಕೊಂಡು. ಚಾಪೆ, ದಿಂಬು, ಚಾದ ಫ್ಲಾಸ್ಕು, ಅಜ್ಜಿಗೆ ಮಡಚುವ ಕುರ್ಚಿ. ನಮ್ಮ ಪಕ್ಕದ ಚಾಪೆಯ ಹೆಂಗಸೊಬ್ಬಳು ಗುರುತು ಪರಿಚಯ ಇಲ್ಲದ ನನ್ನ ಕೈಗೆ ಖರ್ಜೂರದ ತಟ್ಟೆ ಕೊಟ್ಟು, ನಾನು ತಿನ್ನುವವರೆಗೆ ನೋಡುತ್ತಾ ನಿಂತಳು. ಕಾಪುವಿನಲ್ಲಿ ಲೈಟ್‌ಹೌಸಿನ ಬಂಡೆ ಹತ್ತಿ, ಫೋಟೋ ತೆಗೆದು, ಚರುಮುರಿ ತಿಂದು ಓಡುತ್ತಾರೆ. ಕೂರುವುದನ್ನು ಇವರಿಂದ ಕಲಿಯಬೇಕು.

ಅಲ್ಲಿ ನಾನು ವಿಷಯಕ್ಕೆ ಬಂದೆ. "ಈ ಸಲ ಸಹಿ ಹಾಕಬೇಡ ದಯಾ."

ಅವನು ಕಡಲನ್ನೇ ನೋಡುತ್ತಿದ್ದ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ.

"ಕೇಳಿತು ಅಕ್ಕ. ಬಲಗಡೆಯಲ್ಲೇ ಇದ್ದೀಯಲ್ಲ." ನನಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಗಿತ್ತು. "ಕಂಪ್ರೆಸರಿನ ಸದ್ದು. ಕಿವಿಗೆ ಮಫ್ ಹಾಕಿಯೇ ಇರುತ್ತೇವೆ, ಆದರೂ ಇಷ್ಟು ವರ್ಷ ಅಲ್ವಾ."

"ಮತ್ತೆ ಎಂತಕ್ಕೆ ಇನ್ನೂ?"

"ಅಲ್ಲಿ ನಾನು ಕ್ರೇನಿನಲ್ಲಿ ಕೂತು ಹಡಗಿನಿಂದ ಒಂದು ಪೆಟ್ಟಿಗೆ ಎತ್ತುವಾಗ ಇಪ್ಪತ್ತು ಜನ ಉಸಿರು ಹಿಡಿದು ನನ್ನ ಕೈಯನ್ನೇ ನೋಡುತ್ತಾರೆ. ಕಾಪುವಿನಲ್ಲಿ ನಾನು ಯಾರು? ರಜೆಯಲ್ಲಿ ಬಂದವ. ಮಗಳು ನನ್ನನ್ನು ಅರ್ಧ ವರ್ಷದ ಅಪ್ಪ ಅಂತ ತಮಾಷೆ ಮಾಡುತ್ತಾಳೆ. ಪೂರ್ತಿ ವರ್ಷದ ಅಪ್ಪ ಆಗುವುದು ಹೇಗೆ ಅಂತ ನನಗೆ ಗೊತ್ತಿಲ್ಲ ಅಕ್ಕ."

"ಕಲಿಯುತ್ತೀ. ಬಾ ಮೊದಲು" ಎಂದೆ.

"ನೋಡುವ" ಎಂದ. ನಮ್ಮ ಕಡೆ ನೋಡುವ ಎಂದರೆ ಇಲ್ಲ ಎಂದೇ ಲೆಕ್ಕ. ಶೋಭಾಳಿಗೆ ಎಂತ ಹೇಳಲಿ ಎಂದು ಆ ಸಂಜೆಯಿಂದಲೇ ನನಗೆ ಚಿಂತೆ ಹತ್ತಿತು.

ಹೆಲಿಪೋರ್ಟ್, ಒಂಬತ್ತನೆಯ ದಿನ

ಅವನು ವಾಪಸು ಕಡಲಿಗೆ ಹೋಗುವ ಹಿಂದಿನ ದಿನ, ಚೀಲ ಜ್ಯೋತಿಯ ಮನೆಯಲ್ಲೇ ಇತ್ತು. ಅವನು ಮಕ್ಕಳ ಜೊತೆ ಹೊರಗೆ ಹೋದಾಗ ನಾನು ಗಂಟು ಕಟ್ಟಿದೆ. ಕರ್ಪೂರ ಕೆಳಗಿನ ಅಂಗಡಿಯಲ್ಲಿ ಸಿಕ್ಕಿತು. ಬೆಂಕಿಪೆಟ್ಟಿಗೆ ಜ್ಯೋತಿಯ ದೇವರ ಗೂಡಿನದ್ದು. ಕಾಪುವಿನಿಂದ ಹೊರಡುವಾಗಲೆಲ್ಲ ಗಂಟನ್ನು ಅವನ ಕೈಗೇ ಕೊಡುತ್ತಿದ್ದೆ. ಈ ಸಲ ಮಾತು ಮುರಿದುಬಿದ್ದ ಹಾಗಿತ್ತಲ್ಲ, ಕೊಡಲು ಬಿಗುಮಾನ. ಒಂದು ಅಂಗಿಯ ಮಡಿಕೆಯೊಳಗೆ ಮೆತ್ತಗೆ ಸೇರಿಸಿದೆ. ಮಂಗಳೂರಿನಲ್ಲಿ ಒಮ್ಮೆ ಪಾಠ ಆದವಳು, ಗ್ಯಾಸ್ ಎಂದರೇನು, ಕಿಡಿ ಎಂದರೇನು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು. ಆ ಹೊತ್ತಿನಲ್ಲಿ ಅದು ಯಾವುದೂ ತಲೆಗೆ ಬರಲೇ ಇಲ್ಲ. ಅಮ್ಮನ ಕೈ ಮಾಡುತ್ತಿದ್ದುದನ್ನು ನನ್ನ ಕೈ ಮಾಡಿತು, ಅಷ್ಟೇ.

ಬೆಳಿಗ್ಗೆ ಜ್ಯೋತಿ ನಮ್ಮಿಬ್ಬರನ್ನೂ ಪ್ಲಾಟ್‌ಫಾರ್ಮಿಗೆ ಹೆಲಿಕಾಪ್ಟರ್ ಹೊರಡುವ ಜಾಗಕ್ಕೆ ಕಾರಿನಲ್ಲಿ ಬಿಟ್ಟಳು. ಬೀಳ್ಕೊಡಲು ಬಂದವರಿಗೆ ಗಾಜಿನ ಈಚೆ ನಾಲ್ಕು ಕುರ್ಚಿ. ಆಚೆ ಸಾಲಿನಲ್ಲಿ ಮೂವತ್ತು ಗಂಡಸರು, ಎಲ್ಲರ ಕೈಯಲ್ಲೂ ಒಂದೇ ನಮೂನೆಯ ಚೀಲ. ದಯಾನ ಚೀಲ ತಪಾಸಣೆಯ ಯಂತ್ರದೊಳಗೆ ಹೋಯಿತು. ನಿಂತಿತು. ಹಿಂದೆ ಬಂತು. ಪುನಃ ಒಳಗೆ ಹೋಯಿತು. ಆಗ ಹೊಳೆಯಿತು ನೋಡಿ, ಆಗ!

ಕೆಂಪು ಗಂಟು ಮೇಜಿನ ಮೇಲೆ ಬಿಚ್ಚಿಕೊಂಡಿತು. ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಬೆಂಕಿಪೆಟ್ಟಿಗೆಗೆ ಅಷ್ಟು ಹೆದರುವವರನ್ನು ನಾನು ಕಂಡದ್ದೇ ಇಲ್ಲ. ದಯಾ ಆ ಗಂಟನ್ನು ನೋಡಿದ, ಗಾಜಿನ ಈಚೆ ನನ್ನನ್ನು ನೋಡಿದ, ತಲೆ ತಗ್ಗಿಸಿದ. ಅವರು ಏನೋ ಕೇಳಿದರು. ಅವನು ತನ್ನ ಎದೆ ಮುಟ್ಟಿ ತೋರಿಸಿದ. ತನ್ನದೇ ಎನ್ನುತ್ತಿದ್ದ.

ನಾನು ಗಾಜು ಬಡಿದೆ. ಅಕ್ಷರಶಃ ಬಡಿದೆ, ಎರಡೂ ಕೈಯಲ್ಲಿ.

ಕಪ್ಪು ಅಬಾಯಾ ನಿಲುವಂಗಿ ತೊಟ್ಟ ಹೆಂಗಸೊಬ್ಬರು, ಸುರಕ್ಷತಾ ಅಧಿಕಾರಿ, ಹೊರಗೆ ಬಂದರು. ನನ್ನ ಮಗಳ ಪ್ರಾಯ. ನನ್ನನ್ನು ಕೂರಿಸಿ, ನೀರು ಕೊಟ್ಟು, ಇಂಗ್ಲಿಷಿನಲ್ಲಿ ವಿಚಾರಿಸಿದರು. ನಾನು ಎಲ್ಲ ಹೇಳಿದೆ. ಅಮ್ಮ, ಗಂಟು, ಮನೆಯ ಬೆಂಕಿ.

"ಆ ಪ್ಲಾಟ್‌ಫಾರ್ಮಿನಲ್ಲಿ ಇನ್ನೂರು ಜನ ಇದ್ದಾರೆ, ಅಮ್ಮಾ" ಎಂದರು ಆಕೆ, ಮೆತ್ತಗೆ. "ನೀವು ಏನು ಕೆಲಸ ಮಾಡುತ್ತಿದ್ದಿರಿ?"

"ಟೀಚರ್."

"ಯಾವ ವಿಷಯ?"

"ವಿಜ್ಞಾನ."

ಆಕೆ ನೀರಿನ ಲೋಟವನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಇಂಥ ವಸ್ತು ಸಿಕ್ಕಿದರೆ ಕೆಲಸದಿಂದ ತೆಗೆಯುವುದು ನಿಯಮವಂತೆ. ಮ್ಯಾನೇಜರು ತೀರ್ಮಾನಿಸಬೇಕು, ನೀವು ಬೇಕಾದರೆ ನಡೆದದ್ದನ್ನು ಬರೆದು ಕೊಡಿ ಎಂದು ಆಕೆ ಒಂದು ಹಾಳೆ ಕೊಟ್ಟರು. ಅಷ್ಟರಲ್ಲಿ ಹೆಲಿಕಾಪ್ಟರ್ ದಯಾನನ್ನು ಬಿಟ್ಟು ಹಾರಿಹೋಯಿತು. ಅದರ ಗಾಳಿಗೆ ಗಾಜು ನಡುಗಿತು.

ಒಂದೂವರೆ ಪುಟ ಬರೆದೆ. ತಪ್ಪು ನನ್ನದು, ಅವನಿಗೆ ಗೊತ್ತೇ ಇರಲಿಲ್ಲ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹದಿನಾರು ವರ್ಷ ಒಂದು ಕಪ್ಪುಚುಕ್ಕೆ ಇಲ್ಲದೆ ದುಡಿದವನು, ಅವನಿಗೆ ಈ ಕೆಲಸವೇ ಜೀವ, ಅವನ ಮನೆ ಇದರ ಮೇಲೆಯೇ ನಿಂತಿದೆ, ದಯವಿಟ್ಟು ಅವನನ್ನು ವಾಪಸು ಕಳಿಸಿ, ಮುಂದೆಯೂ ಇಟ್ಟುಕೊಳ್ಳಿ ಎಂದೆಲ್ಲ ಬರೆದೆ. ಸಹಿ ಹಾಕಿ ಕೊಟ್ಟ ಮೇಲೆಯೇ ಶೋಭಾಳ ಮುಖ ಕಣ್ಣಮುಂದೆ ಬಂದದ್ದು. ಬಿಡಿಸಲಿಕ್ಕೆ ಬಂದವಳು ಅಂಗಲಾಚಿ ಕಟ್ಟಿಹಾಕಿ ಕೂತಿದ್ದೆ. ಅವನು ತಾನಾಗಿ ಬಿಡುವುದು ಒಂದು, ಹೀಗೆ ಕಳ್ಳನ ಹಾಗೆ ಹೊರಬೀಳುವುದು ಒಂದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸಮಾಧಾನವಾಗಲಿಲ್ಲ. ನಿಜ ಹೇಳುವುದಾದರೆ, ನಾಳೆಯಿಂದ ಆ ಕೆಲಸ ಇಲ್ಲ ಎಂದಾಗ ನಾನು ಹೆದರಿಹೋದೆ. ಬೇಡ ಎಂದು ಕೂಗಿದ ಬಾಯಿಯೂ ಬೇಕು ಎಂದು ಬರೆದ ಕೈಯೂ ಒಂದೇ ಮೈಯದ್ದು.

ಮಧ್ಯಾಹ್ನ ತೀರ್ಮಾನ ಬಂತು. ಲಿಖಿತ ಎಚ್ಚರಿಕೆ ಕೊಟ್ಟು, ಎರಡು ಗಂಟೆಯ ಹೆಲಿಕಾಪ್ಟರಿನಲ್ಲಿ ಕಳಿಸುತ್ತೇವೆ ಎಂದರು. ದಯಾನಿಗೆ ಐದು ನಿಮಿಷ ಹೊರಗೆ ಬರಲು ಬಿಟ್ಟರು. ನಾನು ಅವನ ಕೈ ಹಿಡಿದುಕೊಂಡು ಅತ್ತೆ.

"ಅಳಬೇಡ ಅಕ್ಕ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡ" ಎಂದ. "ಈ ಸಲ ಸಹಿ ಹಾಕುವುದಿಲ್ಲ ಅಂತ ನಾನು ಮೊನ್ನೆಯೇ ಆಫೀಸಿಗೆ ಹೇಳಿಯಾಗಿತ್ತು. ಈ ಇಪ್ಪತ್ತೆಂಟು ದಿನ ಮುಗಿಸಿ ಸೀದಾ ಮನೆಗೆ ಅಂತ. ನಿನಗೆ ಹೇಳಿದರೆ ನೀನು 'ನಾನೇ ಬಿಡಿಸಿದ್ದು' ಅಂತ ಕಾಪುವಿನಿಂದ ಕಾರ್ಕಳದವರೆಗೆ ಡಂಗುರ ಹೊಡೆಯುತ್ತಿದ್ದೆ. ಅದಕ್ಕೆ ಹೇಳಲಿಲ್ಲ."

"ಮತ್ತೆ ಈಗ?"

"ಮ್ಯಾನೇಜರು ನಿನ್ನ ಕಾಗದ ನನ್ನ ಮುಂದಿಟ್ಟು ಕೇಳಿದರು. ನಿನ್ನ ಮನೆಯವರು ಹೀಗೆ ಬರೆದಿದ್ದಾರೆ, ನೀನು ಬಿಡುತ್ತೇನೆ ಅಂದಿದ್ದೀ, ಯಾವುದು ಸರಿ ಅಂತ. ನಾನು ಇನ್ನೆರಡು ವರ್ಷ ಇರುತ್ತೇನೆ ಅಂದೆ."

"ಎಂತಕ್ಕೆ ಹಾಗೆ ಹೇಳಿದೆ ಮಾರಾಯ!"

"ನೀನೇ ಅಷ್ಟು ಹೆದರಿದ್ದು ನೋಡಿ ನನಗೂ ಹೆದರಿಕೆ ಆಯಿತು ಅಕ್ಕ."

ಒಳಗಿನಿಂದ ಕರೆದರು. ಅವನು ಬಲಗಡೆಗೆ ತಿರುಗಿ ನಡೆದ, ಎಡಗಿವಿ ನನ್ನ ಕಡೆಗೆ. ನಾನು ಹಿಂದಿನಿಂದ ಎರಡು ಸಲ ಕೂಗಿದೆ. ಅವನಿಗೆ ಕೇಳಿಸಲಿಲ್ಲ.

ಕಾಪು

ಊರಿಗೆ ಬಂದ ಮರುದಿನ ಶೋಭಾಳ ಮನೆಗೆ ಹೋದೆ. ಬಸ್ಸಿನಲ್ಲಿ ಕೂತು ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಲೇ ಇದ್ದೆ. ಅವಳು ಬಾಗಿಲಲ್ಲೇ ನನ್ನ ಮುಖ ನೋಡಿದಳು. ಚಾ ಇಡುತ್ತೇನೆ ಎಂದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ.

ಗ್ಯಾಸಿನ ಲೈಟರ್ ನಾಲ್ಕು ಸಲ ಟಕ್ ಟಕ್ ಎಂದರೂ ಹೊತ್ತಲಿಲ್ಲ. "ಇದರದ್ದೊಂದು ರಗಳೆ" ಎನ್ನುತ್ತಾ ಶೋಭಾ ದೇವರ ಗೂಡಿನ ಕೆಳಗಿನ ಡ್ರಾಯರ್ ಎಳೆದಳು. ಡ್ರಾಯರಿನ ತುಂಬ ಕೆಂಪು ಗಂಟುಗಳು. ಕೆಲವು ಬಣ್ಣ ಮಾಸಿದವು, ಕೆಲವು ಹೊಸತು. ಎಲ್ಲ ನಾನೇ ಕಟ್ಟಿದವು.

"ಇದೆಲ್ಲ ಇಲ್ಲಿ...?"

"ಅಲ್ಲಿಗೆ ಬೆಂಕಿಪೆಟ್ಟಿಗೆ ಕೊಂಡುಹೋಗಬಾರದಲ್ಲ ಅಕ್ಕ. ಪ್ರತಿ ಸಲ ಹೊರಡುವಾಗ ನಿಮ್ಮ ಕೈಯಿಂದ ತೆಗೆದುಕೊಂಡು, ಒಳಗೆ ಬಂದು ಇಲ್ಲಿ ಇಟ್ಟು ಹೋಗುತ್ತಿದ್ದರು. ಅಕ್ಕನಿಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾಳೆ ಅಂತ."

ಹದಿನಾರು ವರ್ಷ ಮನೆಯ ಬೆಂಕಿ ಮನೆಯಲ್ಲೇ ಇತ್ತು. ಅವನೂ ಪ್ರತಿ ಸಲ ತಿರುಗಿ ಬಂದಿದ್ದ.

ಶೋಭಾ ಒಂದು ಗಂಟು ಬಿಚ್ಚಿ ಕಡ್ಡಿ ಗೀರಿದಳು. ಮೊದಲನೆಯದು ಥಂಡಿ ಹಿಡಿದಿತ್ತು. ಎರಡನೆಯದು ಹೊತ್ತಿತು. ಒಲೆ ನೀಲಿಯಾಗಿ ಉರಿಯತೊಡಗಿತು. ಅವಳು ಪಾತ್ರೆ ಇಟ್ಟು, ನನ್ನ ಕಡೆ ತಿರುಗದೆ ಕೇಳಿದಳು.

"ಎಂತ ಹೇಳಿದರು ಅಕ್ಕ?"

"ಅವನು ಬಿಟ್ಟು ಬರುವವನೇ ಇದ್ದ ಶೋಭಾ" ಎಂದೆ. "ವಾಪಸು ಕಳಿಸಿದ್ದು ನಾನು."

ಅವಳು ಚಾ ಕುದಿದು ಉಕ್ಕುವವರೆಗೂ ಒಲೆಯ ಮುಂದೆ ನಿಂತೇ ಇದ್ದಳು.